ಅರ್ಧ ಸೇತುವೆಯ ಮೇಲೆ ಐದು ಕೂಗು

ಓಕ್‌ಲ್ಯಾಂಡ್ ದಂಡೆ

ಈ ಸೇತುವೆಯ ಮೇಲೆ ನಡೆಯುವವರ ಹಾದಿ ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಕಾರು ಲಾರಿಗಳಿಗೆ ಓಕ್‌ಲ್ಯಾಂಡ್ ಊರಿನಿಂದ ಸ್ಯಾನ್ ಫ್ರಾನ್ಸಿಸ್ಕೊದವರೆಗೆ ಪೂರ್ತಿ ರಸ್ತೆ ಇದೆ. ಕಾಲ್ನಡಿಗೆಯವರು, ಸೈಕಲ್ಲಿನವರು ಮಾತ್ರ ನೀರಿನ ನಡುವಿನ ಒಂದು ದ್ವೀಪದವರೆಗೆ ಹೋಗಿ, ಅಲ್ಲಿನ ಗುಡ್ಡ ನೋಡಿ, ಬಂದ ದಾರಿಯಲ್ಲೇ ತಿರುಗಬೇಕು. ಖುಷಿಗಾಗಿ ಅರ್ಧ ನೀರು ದಾಟುವ ಜನರನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ನಮ್ಮ ಕಡೆ ಅರ್ಧ ಹೊಳೆ ದಾಟಿದವರು ಎಂದರೆ ಮುಳುಗಿದವರು.

ನನ್ನನ್ನು ಕರೆದುಕೊಂಡು ಹೋದವಳು ಮೊಮ್ಮಗಳು ರೇಣುಕಾ. ಪೋತ್ನಾಳದಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ನನ್ನ ಹಿರಿಮಗಳ ಮಗಳು. ರಾಯಚೂರಿನಲ್ಲಿ ನರ್ಸಿಂಗ್ ಓದಿದಳು, ಎರಡು ವರ್ಷ ಸೌದಿಯಲ್ಲಿದ್ದಳು, ಈಗ ಓಕ್‌ಲ್ಯಾಂಡಿನ ಒಂದು ಆಸ್ಪತ್ರೆಯಲ್ಲಿ ಮುದುಕರನ್ನು ನೋಡಿಕೊಳ್ಳುತ್ತಾಳೆ. ಅಲ್ಲಿನ ಮುದುಕರು ಇವಳ ಮಾತು ಕೇಳುತ್ತಾರಂತೆ. ನಾನು ಕೇಳುವುದಿಲ್ಲ ಎಂಬುದು ಇವಳ ದೂರು. ನಾನು ಹೋದಾಗಿನಿಂದ, ಹೊಳೆದಂಡೆಯ ಹೆಣ್ಣಿಗೆ ಈ ಸೇತುವೆ ತೋರಿಸದೆ ಕಳಿಸಿದರೆ ಅವ್ವ ಬೈಯುತ್ತಾಳೆ ಎಂದು ಒಂದೇ ಸಮ ಹಟ ಹಿಡಿದಿದ್ದಳು. ರಜೆ ಸಿಕ್ಕಿದ್ದು ಒಂದು ಭಾನುವಾರ ಮಾತ್ರ. ಅವಳಿಗೆ ನೆಗಡಿ, ಕೆಮ್ಮು. ನಾಲ್ಕು ದಿನದಿಂದ ನಾನೇ ಮೆಣಸು, ಶುಂಠಿ ಕುದಿಸಿ ಕುಡಿಸುತ್ತಿದ್ದೆ. ಮನೆಯಲ್ಲಿ ಬಿದ್ದುಕೋ ಎಂದರೆ ಕೇಳಲಿಲ್ಲ.

ನನ್ನ ಮೊಣಕಾಲು ಅಷ್ಟು ದೂರ ನಡೆಯುವುದಿಲ್ಲ. ಅದಕ್ಕೆ ಪಕ್ಕದ ಮನೆಯವರ ಮೂರು ಗಾಲಿಯ ಸೈಕಲ್ ಕೇಳಿ ತಂದಿದ್ದಳು. ಅದಕ್ಕೆ ಮುಂದೆ ಒಂದು ಮರದ ಪೆಟ್ಟಿಗೆ. ಆ ಮನೆಯವರು ಅದರಲ್ಲಿ ಮಕ್ಕಳನ್ನು ಕೂರಿಸಿ ಶಾಲೆಗೆ ಬಿಟ್ಟು ಬರುತ್ತಾರೆ. ಆ ಪೆಟ್ಟಿಗೆಯಲ್ಲಿ ನನ್ನನ್ನು ಹತ್ತಿಯ ಅಂಡಿಗೆಯಂತೆ ತುರುಕಿ, ಮೇಲೆ ನಾನೇ ಹೊಲಿದು ಒಯ್ದಿದ್ದ ಕೌದಿ ಹೊದಿಸಿ, ತನ್ನ ಬೂದಿ ಬಣ್ಣದ ಕೋಟು ನನಗೆ ಹಾಕಿಸಿ, ಹಿಂದೆ ಕುಳಿತು ತುಳಿಯತೊಡಗಿದಳು. ಅರವತ್ತೆಂಟನೆಯ ವಯಸ್ಸಿನಲ್ಲಿ ಪೆಟ್ಟಿಗೆಯಲ್ಲಿ ಕುಳಿತು ಊರ ಮುಂದೆ ಹೋಗುವುದೆಂದರೆ ಹೇಗಿರುತ್ತದೆ ಎಂದು ಕೇಳಬೇಡಿ. ನಮ್ಮೂರು ಮಾನ್ವಿಯಲ್ಲಾಗಿದ್ದರೆ ಮಕ್ಕಳು ಹಿಂದೆ ಓಡಿಬರುತ್ತಿದ್ದವು. ಅಲ್ಲಿ ಯಾರೂ ತಿರುಗಿ ನೋಡಲಿಲ್ಲ. ಯಾಕೆಂದರೆ ಅವರ ಗಾಡಿಗಳಲ್ಲಿ ನಾಯಿ ಕುಳಿತಿರುತ್ತವೆ. ಕೂಸಿನ ಗಾಡಿಯಲ್ಲಿ ನಾಯಿ, ಅದಕ್ಕೊಂದು ಸ್ವೆಟರು. ನಾಯಿಗಿಂತ ನಾನು ವಿಶೇಷವೇನಲ್ಲ.

ಮೊದಲ ಬೆಂಚು

ಸೇತುವೆಯ ಬಗ್ಗೆ ಹೇಳಬೇಕೆಂದರೆ, ಒಂದು ಮಗ್ಗುಲಲ್ಲಿ ಕಾರುಗಳ ರಸ್ತೆ, ಅದರ ಪಕ್ಕಕ್ಕೆ ನಮ್ಮ ಹಾದಿ, ಆಮೇಲೆ ಎದೆಯೆತ್ತರದ ಕಬ್ಬಿಣದ ಸಲಾಕೆಗಳು, ಆಮೇಲೆ ನೀರು. ದೂರದಲ್ಲಿ ಒಂದೇ ಒಂದು ಬಿಳಿ ಕಂಬ ಆಕಾಶಕ್ಕೆ ನಿಂತಿದೆ, ಅದರಿಂದ ಬಿಳಿ ಹಗ್ಗಗಳು ಇಳಿದಿವೆ. ಇಡೀ ಸೇತುವೆ ಅದಕ್ಕೇ ಜೋತುಬಿದ್ದಿದೆಯಂತೆ. ಅಲ್ಲಲ್ಲಿ ಹಾದಿ ನೀರಿನ ಕಡೆಗೆ ಹೊಟ್ಟೆ ಉಬ್ಬಿಸಿಕೊಂಡಂತೆ ಹೊರಕ್ಕೆ ಚಾಚಿದೆ. ಆ ಮೂಲೆಗಳಲ್ಲಿ ಕೂರಲು ಬೆಂಚು ಹಾಕಿದ್ದಾರೆ.

ಇಷ್ಟು ಜನ ಓಡಾಡುವ ಹಾದಿಯಲ್ಲಿ ಮಾರುವವರು ಒಬ್ಬರಿಲ್ಲ. ಮಿರ್ಚಿ ಬಜಿ ಇಲ್ಲ, ಸುಟ್ಟ ಶೇಂಗಾ ಇಲ್ಲ, ಹಣೆಗೆ ಕುಂಕುಮ ಹಚ್ಚುವವನೂ ಇಲ್ಲ. ಜನ ಮಾತ್ರ ಓಡುತ್ತಿರುತ್ತಾರೆ. ಬಸ್ಸು ತಪ್ಪಿದವರಂತೆ ಓಡುತ್ತಾರೆ, ಮುಂದೆ ಬಸ್ಸಿಲ್ಲ. ಕೆಂಪು ಟೊಪ್ಪಿಗೆ, ಬಿಳಿ ಗಡ್ಡದ ಒಬ್ಬ ಮುದುಕ ಚಡ್ಡಿ ಹಾಕಿಕೊಂಡು ಓಡುತ್ತಾ ಎದುರಾದವರಿಗೆಲ್ಲ ಕೈ ಎತ್ತಿ ಏನೋ ಹೇಳುತ್ತಿದ್ದ. ನನಗೂ ಹೇಳಿದ. ನಾನು ನಮ್ಮವರ ಬೀಗನೇ ಇರಬೇಕು ಎನ್ನುವಂತೆ ಕೈ ಮುಗಿದೆ. ರೇಣುಕಾ ಹಿಂದಿನಿಂದ ನಕ್ಕಳು.

ಮೊದಲ ಬೆಂಚಿನ ಹತ್ತಿರ ಅವಳು ನೀರು ಬೇಕೇನು ಎಂದು ಕೇಳಲು ಹಿಂದಿನಿಂದ ನನ್ನನ್ನು ಕರೆದಳು. ನಾನು ಮಾತಾಡಲಿಲ್ಲ. ಮತ್ತೆ ಕರೆದಳು. ಮೂರನೆಯ ಸಲಕ್ಕೆ ಓ ಅಂದೆ.

"ಅಮೇರಿಕಾಕ್ಕ ಬಂದ್ರೂ ನಿನ್ನ ಕಾಯ್ದಿ ಬಿಡವಲ್ಲಿ ನೋಡು ಯಮ್ಮಾ" ಅಂದಳು. ನಮ್ಮ ಮನೆಯಲ್ಲಿ ತಾಯಿಗೆ ಅವ್ವ, ಅಜ್ಜಿಗೆ ಯಮ್ಮ.

"ದೆವ್ವಕ್ಕೇನ್ ವೀಸಾ ಬೇಕೇನ್ ಬೇ?" ಅಂದೆ.

ಹೊಳೆದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ದೆವ್ವ ಒಂದು ಕಡೆಯಿಂದ ಒಂದೇ ಸಲ ಕರೆಯುತ್ತದೆ. ಅದಕ್ಕೆ ಓ ಅಂದವರು ಅದರ ಹಿಂದೆ ಹೋಗಿಬಿಡುತ್ತಾರೆ. ಮನುಷ್ಯರಾದರೆ ನಿಂತ ಜಾಗದಲ್ಲಿ ನಿಂತು ಮೂರು ಸಲ ಕರೆಯುತ್ತಾರೆ. ಮೂರು ಆಗುವವರೆಗೆ ಬಾಯಿ ಬಿಡಬಾರದು. ನನ್ನ ಗಂಡ ಅದನ್ನು ತನ್ನ ಅಪ್ಪನಿಂದ ಕಲಿತ, ನಾನು ಗಂಡನಿಂದ ಕಲಿತೆ, ನನ್ನ ಮಕ್ಕಳು ಮೊಮ್ಮಕ್ಕಳು ನನ್ನ ಬೆತ್ತದಿಂದ ಕಲಿತರು.

ಆಗಲೇ ಮಂಜು ಕಂಡಿತು. ನಮ್ಮಲ್ಲಿ ಚಳಿಗಾಲದಲ್ಲಿ ಭತ್ತದ ಗದ್ದೆಯ ಮೇಲೆ ಮಂಜು ಬೀಳುತ್ತದೆ, ಬಿಸಿಲು ಬಂದರೆ ಓಡುತ್ತದೆ. ಅಲ್ಲಿನದು ಬೀಳುವುದಲ್ಲ, ನಡೆದು ಬರುವುದು. ಕಡಲ ಕಡೆಯಿಂದ ಒಂದು ಬಿಳಿ ಗೋಡೆ ನೀರಿನ ಮೇಲೆ ಸರಿದು ಬರುತ್ತಿತ್ತು. ಮೊದಲು ಎದುರಿನ ಊರು ಹೋಯಿತು, ಆಮೇಲೆ ಒಂದು ಹಡಗು ಹೋಯಿತು, ಆಮೇಲೆ ಬಿಳಿ ಕಂಬದ ತುದಿ ಹೋಯಿತು. ಎಲ್ಲಿಂದಲೋ ಕರು ಕಳೆದುಕೊಂಡ ಎಮ್ಮೆ ಕೂಗಿದಂತೆ ಒಂದು ಸದ್ದು. ಹಡಗುಗಳಿಗೆ ದಾರಿ ತೋರಿಸಲು ಹಾಗೆ ಕೂಗಿಸುತ್ತಾರೆ ಎಂದು ರೇಣುಕಾ ಹೇಳಿದಳು. ಅದೂ ಒಂದೊಂದೇ ಸಲ ಕೂಗುತ್ತಿತ್ತು. ನಿಂತು, ಬಹಳ ಹೊತ್ತು ಬಿಟ್ಟು, ಮತ್ತೊಂದು. ನನಗೆ ಅದು ಸರಿಬರಲಿಲ್ಲ. ತಿರುಗೋಣ ಅಂದೆ. ಇಷ್ಟು ದೂರ ಬಂದು ತಿರುಗುವುದೇ ಎಂದು ಅವಳು ತುಳಿಯುತ್ತಲೇ ಹೋದಳು.

ಕೃಷ್ಣೆಯ ದಂಡೆ

ಇದು ಆ ದಾರಿಯಲ್ಲಿ ಬರುವ ಊರಲ್ಲ. ಆದರೂ ಇಲ್ಲೇ ಹೇಳಬೇಕು.

ನನ್ನ ಗಂಡ ಅಂಬಿಗ. ನಮ್ಮದು ದೇವದುರ್ಗ ತಾಲ್ಲೂಕಿನಲ್ಲಿ ಹೊಳೆದಂಡೆಯ ಸಣ್ಣ ಊರು. ಎಲ್ಲಿಗೆ ಹೋಗಬೇಕೆಂದರೂ ಜಾಲಹಳ್ಳಿಯವರೆಗೆ ನಡೆದು ಬಸ್ಸು ಹಿಡಿಯಬೇಕು. ಆಗ ಸೇತುವೆ ಇರಲಿಲ್ಲ. ಆ ದಂಡೆಗೆ ಬಂದವರು ಒಂದು ಹುಣಸೆಮರದ ಕೆಳಗೆ ನಿಂತು ಕೂಗುತ್ತಿದ್ದರು. ಮೂರು ಕೂಗು ಆದ ಮೇಲೆ ಆತ ಓ ಅಂದು ಹರಿಗೋಲು ಬಿಡುತ್ತಿದ್ದ. ಆತನ ಓ ಎಂದರೆ ಗಂಟಲಿನದಲ್ಲ, ಹೊಟ್ಟೆಯಿಂದ ಬಂದು ನೀರಿನ ಮೇಲೆ ಉರುಳಿಕೊಂಡು ಹೋಗುವಂಥದು. ನನಗೂ ಕಲಿಸಿದ್ದ. ಆತ ಮಲಗಿದ್ದಾಗ ನಾನೇ ಓಗೊಡುತ್ತಿದ್ದೆ.

ನನ್ನ ತಂಗಿ ನಾಗವ್ವನನ್ನು ಆ ದಂಡೆಯ ಊರಿಗೆ ಕೊಟ್ಟಿತ್ತು. ನಮ್ಮ ಅಪ್ಪ ಅವ್ವ ಇರಲಿಲ್ಲ, ನನ್ನ ಮನೆಯೇ ಅವಳಿಗೆ ತವರು. ಪ್ರತಿ ವರ್ಷ ಪಂಚಮಿಗೆ ಉಂಡಿ ಕಟ್ಟಿಕೊಂಡು ಬರುತ್ತಿದ್ದಳು. ಒಂದು ವರ್ಷ ಶ್ರಾವಣದಲ್ಲಿ ಹೊಳೆ ತುಂಬಿ ಹರಿಯುತ್ತಿತ್ತು. ಹುಣಸೆಮರದ ಬುಡವೆಲ್ಲ ನೀರೊಳಗೆ. ಈ ನೀರಿನಲ್ಲಿ ಯಾರು ಬರುತ್ತಾರೆ ಎಂದು ನಾವು ಹರಿಗೋಲು ಮೇಲಕ್ಕೆ ಎಳೆದು ಬೋರಲು ಹಾಕಿದ್ದೆವು. ದೀಪ ಹಚ್ಚುವ ಹೊತ್ತಿಗೆ ಆ ದಂಡೆಯಿಂದ ಒಂದು ಕೂಗು ಬಂತು. ಒಂದೇ. ನಾನು ಗಂಡನ ಮುಖ ನೋಡಿದೆ. ತಡಿ ಎಂದು ಆತ ಕೈ ಮಾಡಿದ. ಸ್ವಲ್ಪ ಹೊತ್ತಿಗೆ ಇನ್ನೊಂದು ಕೂಗು, ಆದರೆ ಆ ಜಾಗದಿಂದಲ್ಲ, ಹೊಳೆ ಹರಿದು ಹೋಗುವ ದಿಕ್ಕಿಗೆ, ಕೆಳಗಿನಿಂದ. ಆಮೇಲೆ ಮತ್ತೊಂದು, ಇನ್ನೂ ಕೆಳಗಿನಿಂದ.

"ಜಾಗ ಬದಲ ಮಾಡಾಕತ್ತದ. ಮನಷ್ಯಾರಲ್ಲ. ಒಳಗ ನಡಿ" ಅಂದ.

ನಾವು ಒಳಗೆ ಹೋಗಿ ಅಗಳಿ ಹಾಕಿಕೊಂಡೆವು. ಮೂರು ದಿನಕ್ಕೆ ನಾಗವ್ವನ ಗಂಡ ಸುತ್ತು ಹಾಕಿಕೊಂಡು ಬಂದು, ಪಂಚಮಿ ಮುಗೀತಲ್ಲ, ಕಳಿಸಿರಿ ಅಂದ. ಹುಡುಕಿದರು. ಉಂಡಿಯ ಬುಟ್ಟಿ ಹರದಾರಿ ಕೆಳಗೆ ಜಾಲಿಯ ಕಂಟಿಯಲ್ಲಿ ಸಿಕ್ಕಿಕೊಂಡಿತ್ತು. ಅವಳು ಸಿಗಲಿಲ್ಲ.

ಆ ಕೂಗು ಅವಳದೇ ಎಂದು ಯಾರೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಕೂಗು ಕೇಳಿದ್ದನ್ನು ನಾವಿಬ್ಬರೂ ಯಾರಿಗೂ ಬಾಯಿ ಬಿಡಲಿಲ್ಲ. ಆಮೇಲೆ ಸೇತುವೆ ಆಯಿತು, ನಾವು ಮಾನ್ವಿಗೆ ಬಂದು ಅಂಗಡಿ ಹಾಕಿದೆವು. ಗಂಡ ಸಾಯುವವರೆಗೂ ಮೂರು ಸಲದ ಕಾಯಿದೆ ಬಿಡಲಿಲ್ಲ. ನಾನೂ ಬಿಡಲಿಲ್ಲ. ಬಿಟ್ಟರೆ ಅವತ್ತು ನಾವು ಮಾಡಿದ್ದು ತಪ್ಪು ಎಂದಾಗುತ್ತಿತ್ತು.

ಎರಡನೆಯ ಬೆಂಚು

ಎರಡನೆಯ ಬೆಂಚಿನ ಹತ್ತಿರ ನೋಡಿಕೊಂಡರೆ ನನ್ನ ಚೀಲ ಇಲ್ಲ. ಎಲೆ ಅಡಿಕೆ, ಸುಣ್ಣದ ಡಬ್ಬಿ, ಮೊಬೈಲು ಎಲ್ಲ ಅದರಲ್ಲೇ. ಹಾದಿಯಲ್ಲಿ ಅಲ್ಲಲ್ಲಿ ಕಬ್ಬಿಣದ ಪಟ್ಟಿ ಅಡ್ಡ ಇದೆ, ಗಾಲಿ ಹತ್ತಿದಾಗ ಠಣ್ ಎಂದು ಕುಲುಕುತ್ತದೆ. ಅಂಥ ಕಡೆ ಎಲ್ಲೋ ಹಾರಿ ಬಿದ್ದಿರಬೇಕು. ಭಾರ ಇಲ್ಲದಿದ್ದರೆ ಬೇಗ ಹೋಗಿ ಬರುತ್ತೇನೆ ಎಂದು ರೇಣುಕಾ ನನ್ನನ್ನು ಇಳಿಸಿದಳು. ಕೌದಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟು ಇಳಿದೆ.

"ಇಲ್ಲೇ ಕುಂದ್ರು ಯಮ್ಮಾ. ಈ ಬೆಂಚ್ ಬಿಟ್ಟು ಏಳಬ್ಯಾಡ. ಹತ್ ನಿಮಿಷದಾಗ ಬರ್ತೀನಿ."

ಹೋದಳು. ಗಾಲಿಯ ಸದ್ದು ಎರಡು ಸಲ ಠಣ್ ಅಂದಿತು, ಆಮೇಲೆ ಇಲ್ಲ.

ಆ ಬೆಂಚು ಒದ್ದೆ. ಗಾಳಿ ನೇರ ಮುಖಕ್ಕೇ ಹೊಡೆಯುತ್ತಿತ್ತು. ಐದು ನಿಮಿಷ ಕುಳಿತೆ, ಕುಂಡೆ ಹೆಪ್ಪುಗಟ್ಟಿತು. ಮುಂದಿನ ಬೆಂಚಿಗೆ ಒಂದು ದೀಪದ ಕಂಬದ ಮರೆ ಇದ್ದದ್ದು ಮಂಜು ಮುಚ್ಚುವ ಮೊದಲೇ ಕಂಡಿತ್ತು. ಎದ್ದು ಸಲಾಕೆ ಹಿಡಿದುಕೊಂಡು ಅಲ್ಲಿಗೆ ನಡೆದೆ. ತಪ್ಪು ನನ್ನದೇ. ಏಳಬೇಡ ಎಂದಿದ್ದಳು, ನಾನು ಎದ್ದೆ.

ಅಲ್ಲಿ ಮುಟ್ಟುವಷ್ಟರಲ್ಲಿ ಮಂಜು ಪೂರ್ತಿ ಬಂದಿತ್ತು. ಹತ್ತಿಯ ಮಿಲ್ಲಿನಲ್ಲಿ ಅರಳೆ ಹಾರುವಾಗ ಒಳಗೆ ನಿಂತರೆ ಹೇಗೋ ಹಾಗೆ. ನನ್ನ ಕೈ ನನಗೆ ಕಾಣುತ್ತಿತ್ತು, ಅದರಾಚೆ ಬರೀ ನೆರಳು. ಕಾರುಗಳು ಕಾಣುತ್ತಿರಲಿಲ್ಲ, ಹತ್ತಿರದಲ್ಲೇ ಭರ್‍ರೆಂದು ಹೋಗುವ ಸದ್ದು ಮಾತ್ರ. ಆ ಸದ್ದೂ ಎಡಕ್ಕಿದೆಯೋ ಬಲಕ್ಕಿದೆಯೋ ತಿಳಿಯದಂತಾಯಿತು. ಓಡುವವರು ಒಬ್ಬರೂ ಇಲ್ಲ. ಕೆಳಗಿನಿಂದ ನೀರು ಕಂಬಕ್ಕೆ ಬಡಿಯುವ ಸದ್ದು. ಆ ಸದ್ದು ನನಗೆ ಗೊತ್ತಿರುವುದೇ. ನೀರು ಯಾವ ದೇಶದ್ದಾದರೂ ಕಲ್ಲಿಗೆ ಒಂದೇ ಥರ ಬಡಿಯುತ್ತದೆ.

ಆಗ ಯಾರೋ ಯಮ್ಮಾ ಎಂದು ಕರೆದರು.

ಒಂದೇ ಸಲ. ಹಾದಿಯ ಕಡೆಯಿಂದ ಅಲ್ಲ, ಸಲಾಕೆಗಳ ಆಚೆಯಿಂದ, ನೀರಿನ ಕಡೆಯಿಂದ. ಅಲ್ಲಿ ನಿಲ್ಲಲು ಜಾಗವಿಲ್ಲ. ರೇಣುಕಾ ಹೋಗಿ ಅಷ್ಟು ಹೊತ್ತೂ ಆಗಿರಲಿಲ್ಲ. ನಾನು ಬೆಂಚಿನಿಂದ ಎದ್ದು ದೀಪದ ಕಂಬಕ್ಕೆ ಬೆನ್ನು ಹಚ್ಚಿ ನಿಂತೆ. ಹಿಂದಿನಿಂದ ಏನೂ ಬರಬಾರದು ಎಂದು. ಬೆರಳು ಮಡಚಿ ಒಂದು ಎಂದು ಎಣಿಸಿದೆ. ಇನ್ನೆರಡು ಬರಲಿ ಎಂದು ಕಾದೆ. ಬರಲಿಲ್ಲ.

ಬಹಳ ಹೊತ್ತಾದ ಮೇಲೆ ಎರಡನೆಯದು. ಇದು ಬಂದ ದಾರಿಯ ಕಡೆಯಿಂದ. ದನಿ ರೇಣುಕಾಳದ್ದೇ. ಆದರೆ ದೆವ್ವ ಕರೆಯುವುದು ಬೇಕಾದವರ ದನಿಯಲ್ಲೇ ತಾನೇ? ಬೇಡದವರ ದನಿಯಲ್ಲಿ ಕರೆದರೆ ಯಾರು ಹೋಗುತ್ತಾರೆ? ಅಲ್ಲಿಂದ ಇನ್ನೆರಡು ಕರೆ ಬರಲಿ, ಓ ಅನ್ನುತ್ತೇನೆ ಎಂದು ಹಲ್ಲು ಕಚ್ಚಿ ನಿಂತೆ. ಅಲ್ಲಿಂದ ಮತ್ತೆ ಬರಲಿಲ್ಲ.

ಠಣ್ ಎಂದು ಕಬ್ಬಿಣದ ಪಟ್ಟಿ ಸದ್ದಾಯಿತು. ಮಂಜಿನಲ್ಲಿ ಒಂದು ಕಪ್ಪು ಆಕಾರ ಮೂಡಿ ನನ್ನ ಮುಂದೆಯೇ, ಎಂಟು ಹತ್ತು ಮೊಳ ದೂರದಲ್ಲಿ, ಸೈಕಲ್ಲಿನಂತೆ ಉರುಳಿಕೊಂಡು ಹೋಯಿತು. ಹಾಗೇ ಯಮ್ಮಾ ಎಂದು ಕೂಗಿತು. ಕೂಗಬೇಕೆಂದು ನನ್ನ ಬಾಯಿ ತೆರೆದೇ ಇತ್ತು. ಆದರೆ ಮುಂದಿನ ಪೆಟ್ಟಿಗೆಯಲ್ಲಿ ಯಾರೋ ಕುಳಿತಿದ್ದರು. ತಲೆಯ ಮೇಲೆ ಸೆರಗು ಎಳೆದುಕೊಂಡು, ಬೆನ್ನು ಬಗ್ಗಿಸಿ, ಮೊಣಕಾಲು ಮಡಚಿ. ಆ ಕೂರುವ ರೀತಿ ನನ್ನದು. ಪೆಟ್ಟಿಗೆಯಲ್ಲಿ ನಾನೇ ಕುಳಿತಿದ್ದೆ.

ನಾನು ಅಲ್ಲಿ ಕುಳಿತಿದ್ದರೆ ಇಲ್ಲಿ ನಿಂತವಳು ಯಾರು ಎಂದು ಒಂದು ಗಳಿಗೆ ನನಗೇ ತಿಳಿಯಲಿಲ್ಲ. ಬಾಯಿ ಮುಚ್ಚಿಕೊಂಡೆ. ಆಕಾರ ಹೋಯಿತು. ಸ್ವಲ್ಪ ಹೊತ್ತಿಗೆ ದ್ವೀಪದ ಕಡೆಯಿಂದ, ದೂರದಿಂದ, ನಾಲ್ಕನೆಯ ಕರೆ. ಅದೂ ಒಂದೇ. ನೀರಿನಿಂದ ಒಂದು, ಬಲಕ್ಕೊಂದು, ಎದುರಿಗೊಂದು, ಎಡಕ್ಕೊಂದು. ಜಾಗ ಬದಲಿಸುತ್ತಿತ್ತು. ಮನುಷ್ಯರಲ್ಲ, ಒಳಗೆ ನಡಿ ಎಂದು ಗಂಡ ಹೇಳಿದ್ದು ಕಿವಿಯಲ್ಲೇ ಇತ್ತು. ಹೋಗಲು ಅಲ್ಲಿ ಒಳಗು ಎಲ್ಲಿದೆ? ಅಗಳಿ ಎಲ್ಲಿದೆ?

ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಕೋಟು ತೊಯ್ದು ಭಾರವಾಯಿತು. ಐದನೆಯದು ಬಂದಾಗ ದನಿ ಸವೆದುಹೋಗಿತ್ತು. ಯಮ್ಮಾ ಎಂದು ಎಳೆದದ್ದು ನಡುವೆ ಮುರಿದು, ಕೆಮ್ಮು ಬಂತು. ಬಿಡದ ಕೆಮ್ಮು, ಒಂದಾದ ಮೇಲೆ ಒಂದು, ಕೊನೆಗೆ ಕ್ಯಾಕರಿಸಿ ಉಗುಳಿದ ಸದ್ದು.

ಆ ಕೆಮ್ಮು ನನಗೆ ಗೊತ್ತು. ನಾಲ್ಕು ದಿನದಿಂದ ಅದಕ್ಕೆ ಶುಂಠಿ ಕುದಿಸಿದವಳು ನಾನು. ದೆವ್ವಕ್ಕೆ ನೆಗಡಿ ಆಗುವುದಿಲ್ಲ.

ಓ ಅಂದೆ. ಹೊಟ್ಟೆಯಿಂದ, ಗಂಡ ಕಲಿಸಿದ ಹಾಗೆ. ಎಷ್ಟೋ ವರ್ಷದಿಂದ ಕೂಗಿರಲಿಲ್ಲ, ಆದರೂ ಹೋಯಿತು. ಎಲ್ಲಿಂದಲೋ ಬಾತುಕೋಳಿಗಳೋ ಏನೋ ಬೆದರಿ ಹಾರಿದವು.

ದ್ವೀಪ

ರೇಣುಕಾ ಒಬ್ಬಳೇ ಬರಲಿಲ್ಲ. ಜತೆಗೆ ಆ ಕೆಂಪು ಟೊಪ್ಪಿಗೆಯ ಮುದುಕನೂ ಓಡಿಬಂದ. ಇಬ್ಬರೂ ಸಲಾಕೆಯ ಆಚೆ ಬಗ್ಗಿ ನೀರು ನೋಡುತ್ತಾ ಬರುತ್ತಿದ್ದರಂತೆ. ನಾನು ಅದರಲ್ಲೇ ಹೋಗಿದ್ದೇನೆ ಎಂದು. ಅವಳು ನನ್ನ ಎರಡೂ ತೋಳು ಹಿಡಿದು ಅಲುಗಾಡಿಸಿದಳು. ಅಳುತ್ತಿದ್ದಳು, ಬೈಯುತ್ತಿದ್ದಳು, ಕೆಮ್ಮುತ್ತಿದ್ದಳು. ಪೆಟ್ಟಿಗೆಯಲ್ಲಿ ನನ್ನ ಕೌದಿ ಇತ್ತು. ನಾನು ಎದ್ದಾಗ ಹೇಗೆ ಬಿಟ್ಟಿದ್ದೆನೋ ಹಾಗೇ ತೊಯ್ದು ಸೆಟೆದು ನಿಂತಿತ್ತು. ತಲೆ, ಬೆನ್ನು, ಮೊಣಕಾಲು ಎಲ್ಲ ಇದ್ದವು. ಕೈಯಿಂದ ಅದನ್ನು ಅದುಮಿ ಚಪ್ಪಟೆ ಮಾಡಿದೆ.

ಮುದುಕ ಏನೋ ಕೇಳಿದ. ಅಷ್ಟು ಕೂಗಿದರೂ ಇವರು ಯಾಕೆ ಮಾತಾಡಲಿಲ್ಲ ಎಂದು ಕೇಳಿದನಂತೆ. ನನಗೆ ಕಿವಿ ಕೇಳುವುದಿಲ್ಲ ಎಂದು ರೇಣುಕಾ ಹೇಳಿದಳಂತೆ. ಆತ ನನ್ನ ಹತ್ತಿರ ಬಂದು, ಬಾಯಿ ದೊಡ್ಡದು ಮಾಡಿ, ಒಂದೊಂದೇ ಮಾತು ಒಡೆದು ಹೇಳಿ ಹೋದ. ಒಳ್ಳೆಯವನು.

ನನ್ನನ್ನು ಪೆಟ್ಟಿಗೆಗೆ ಹತ್ತಿಸಿ ಅವಳು ದ್ವೀಪದವರೆಗೆ ಒಂದೇ ಸಮ ತುಳಿದಳು. ಅಲ್ಲಿ ಹಾದಿ ಮುಗಿದ ಕಡೆ ಒಂದು ಬೆಂಚಿನ ಮೇಲೆ ಕುಳಿತು ಫ್ಲಾಸ್ಕಿನ ಚಹಾ ಬಗ್ಗಿಸಿಕೊಟ್ಟಳು. ಮಂಜು ನಮ್ಮ ಸುತ್ತ ಇನ್ನೂ ಹಾಗೇ ಇತ್ತು. ತಪ್ಪು ನನ್ನ ಮೇಲೆ ಇದ್ದಾಗ ನಾನೇ ಮೊದಲು ಜಗಳ ತೆಗೆಯುತ್ತೇನೆ, ಅದು ನನ್ನ ಗುಣ. ಕಾಯಿದೆ ಗೊತ್ತಿದ್ದೂ ಮೂರು ಸಲ ಯಾಕೆ ಕರೆಯಲಿಲ್ಲ ಎಂದು ಕೇಳಿದೆ.

ಅವಳು ಚಹಾ ಕೆಳಗಿಟ್ಟಳು.

"ಹುಡುಕ್ಯಾಡಾಕಿ ಒಂದ್ ಕಡಿ ನಿಂತು ಮೂರ್ ಸಲ ಕರೀತಾಳೇನ್ ಯಮ್ಮಾ? ಒಂದ್ ಸಲ ಕರೀತಾಳ. ಮಾತು ಬರ್ಲಿಲ್ಲಂದ್ರ ಮುಂದಕ್ಕ ಓಡ್ತಾಳ. ಅಲ್ಲಿ ಹೋಗಿ ಮತ್ತೊಂದ್ ಸಲ ಕರೀತಾಳ."

ಚಹಾ ನನ್ನ ಕೈಯಲ್ಲೇ ಆರಿತು.

ಹುಣಸೆಮರದ ಬುಡ ನೀರೊಳಗಿತ್ತು ಎಂದು ಹೇಳಿದೆನಲ್ಲ. ಯಾವಾಗಲೂ ನಿಲ್ಲುವ ಜಾಗದಲ್ಲಿ ನಿಲ್ಲಲು ನಾಗವ್ವನಿಗೆ ನೆಲವೇ ಇರಲಿಲ್ಲ. ಒಂದು ಸಲ ಕೂಗಿದಳು. ಓ ಬರಲಿಲ್ಲ. ಇಲ್ಲಿಂದ ಅಕ್ಕನಿಗೆ ಕೇಳಿಸುತ್ತಿಲ್ಲ ಎಂದು ಬುಟ್ಟಿ ಹೊತ್ತುಕೊಂಡು ಕೆಳಕ್ಕೆ ನಡೆದಳು. ಅಲ್ಲಿಂದ ಒಂದು ಸಲ. ಅಲ್ಲಿಯೂ ಓ ಇಲ್ಲ. ಇನ್ನೂ ಕೆಳಕ್ಕೆ. ಕತ್ತಲಾಗುತ್ತಿತ್ತು. ನಾವು ಓ ಅಂದಿದ್ದರೆ ನಿಲ್ಲುತ್ತಿದ್ದಳು. ಅಂಥ ನೀರಿಗೆ ಹರಿಗೋಲು ಬಿಡಲು ಆಗುತ್ತಿರಲಿಲ್ಲ, ಅದು ಬೇರೆ ಮಾತು. ನಾಳೆ ಬಾ, ಊರೊಳಗೆ ಹೋಗಿ ಮಲಗು ಎಂದು ಕೂಗಿ ಹೇಳಬಹುದಿತ್ತು. ಅಷ್ಟೇ ಸಾಕಿತ್ತು.

ರೇಣುಕಾಳಿಗೆ ಎಲ್ಲ ಹೇಳಿದೆ. ಅವಳು ಹುಟ್ಟುವ ಮೊದಲಿನ ಮಾತು. ಅವಳ ಅವ್ವನಿಗೂ ಗೊತ್ತಿಲ್ಲ. ಆಸ್ಪತ್ರೆಯಲ್ಲಿ ಮುದುಕರ ಮಾತು ಕೇಳುವಂತೆ ಸುಮ್ಮನೆ ಕೇಳಿದಳು. ಕೊನೆಗೆ, ಅವತ್ತು ನಿಮಗೆ ಗೊತ್ತಿರಲಿಲ್ಲವಲ್ಲ ಅಂದಳು.

"ಗೊತ್ತಿರ್ಲಿಲ್ಲ ಅಂದ್ರ ಆಕಿ ಎದ್ದು ಬರ್ತಾಳೇನು?" ಅಂದೆ.

ನನ್ನ ಗಂಡ ಸತ್ತು ಆರು ವರ್ಷವಾಯಿತು. ಈ ಮಾತು ಕೇಳುವ ಮೊದಲೇ ಹೋದ, ಪುಣ್ಯವಂತ.

ಏಳುವಾಗ ಸುಮ್ಮನೆ ಕೇಳಿದೆ, ನನ್ನನ್ನು ಎಷ್ಟು ಕಡೆಯಿಂದ ಕರೆದೆ ಎಂದು. ಅವಳು ಲೆಕ್ಕ ಹಾಕಿದಳು. ಚೀಲ ಸಿಕ್ಕ ಮೇಲೆ ವಾಪಸು ಬಂದು ಎರಡನೆಯ ಬೆಂಚಿನಲ್ಲಿ ನಾನಿಲ್ಲದ್ದು ನೋಡಿ ಒಂದು ಸಲ, ಸೈಕಲ್ ತುಳಿಯುತ್ತಾ ಒಂದು ಸಲ, ದ್ವೀಪದ ಹತ್ತಿರ ಒಂದು ಸಲ, ತಿರುಗಿ ಬರುವಾಗ ಒಂದು ಸಲ.

"ನಾಕ್ ಸಲ" ಅಂದಳು. "ಯಾಕ?"

ನನ್ನ ಕೈ ನೋಡಿಕೊಂಡೆ. ಐದು ಬೆರಳು ಮಡಚಿದ್ದೆ. ಏನಿಲ್ಲ ಅಂದೆ.

ಮತ್ತೆ ಅದೇ ಬೆಂಚು

ಹಾದಿ ಅರ್ಧಕ್ಕೆ ನಿಲ್ಲುವುದರ ಒಂದು ಗುಣವೆಂದರೆ ಬಿಟ್ಟು ಬಂದ ಜಾಗದ ಮುಂದೆಯೇ ಮತ್ತೆ ಹಾಯಬೇಕು. ಮಂಜು ತೆಳ್ಳಗಾಗಿತ್ತು. ದೀಪದ ಕಂಬದ ಬೆಂಚು ಬಂದಾಗ ನಿಲ್ಲಿಸು ಅಂದೆ. ರೇಣುಕಾ ಈ ಸಲ ಒಬ್ಬಳನ್ನೇ ಇಳಿಯಲು ಬಿಡಲಿಲ್ಲ, ನನ್ನ ಸೆರಗು ಹಿಡಿದುಕೊಂಡೇ ಬಂದಳು. ಸಲಾಕೆಯ ಆಚೆ ನೋಡಿದೆ. ಕೆಳಗೆ ನೀರು ಬೂದಿ ಬಣ್ಣ. ನಿಲ್ಲಲು ಒಂದು ಕಲ್ಲಿಲ್ಲ, ದೋಣಿ ಇಲ್ಲ, ಒಂದು ಹಕ್ಕಿಯೂ ಇಲ್ಲ.

ಮುದುಕಿಯ ಕಿವಿ, ಮಂಜಿನಲ್ಲಿ ದನಿ ತಿರುಗಿ ಬಂದಿರಬಹುದು ಎಂದು ನೀವು ಹೇಳಬಹುದು. ಇರಬಹುದು. ಮೊದಲ ಕೂಗು ಯಾರದು ಎಂದು ನಾನು ಹಟ ಹಿಡಿಯುವುದಿಲ್ಲ. ಯಾರದಾದರೂ ಆಗಲಿ, ಓ ಅನ್ನಲು ಖರ್ಚೇನು?

ಸಲಾಕೆ ಹಿಡಿದು ನೀರಿನ ಮೇಲೆ ಓ ಅಂದೆ. ಉದ್ದಕ್ಕೆ. ಸೈಕಲ್ಲಿನ ಹುಡುಗಿಯೊಬ್ಬಳು ಬೆದರಿ ಬ್ರೇಕ್ ಹಾಕಿದಳು. ಉಸಿರು ಮುಗಿಯುವವರೆಗೂ ಬಿಡಲಿಲ್ಲ. ಆಮೇಲೆ ಕಿವಿಗೊಟ್ಟು ನಿಂತೆ. ಕಾರುಗಳ ಸದ್ದು, ಕೆಳಗೆ ನೀರಿನ ಸದ್ದು.

"ಯಾರಿಗಿ ಯಮ್ಮಾ?" ಎಂದು ರೇಣುಕಾ ಮೆಲ್ಲಗೆ ಕೇಳಿದಳು.

"ಕರದಾಕಿಗಿ. ನಡಿ, ಗಾಡಿ ಹೊಡಿ" ಅಂದೆ.

ಮಾನ್ವಿ

ಬಂದು ಮೂರು ತಿಂಗಳಾಯಿತು. ಅಮೇರಿಕಾ ಹೇಗಿತ್ತು ಎಂದು ಕೇಳಿದವರಿಗೆ ನಾಯಿಗೆ ಸ್ವೆಟರು ಹಾಕುತ್ತಾರೆ ಎಂದು ಹೇಳುತ್ತೇನೆ. ನಕ್ಕು ಹೋಗುತ್ತಾರೆ.

ಮೂರು ಸಲದ ಕಾಯಿದೆ ತೆಗೆದುಹಾಕಿದ್ದೇನೆ. ನಮ್ಮ ಮನೆಯಲ್ಲಿ ಈಗ ಒಂದು ಸಲ ಕರೆದರೆ ಸಾಕು, ಓ ಅನ್ನುತ್ತೇನೆ. ಓಣಿಯಲ್ಲಿ ಬೇರೆಯವರ ಅಜ್ಜಿಯನ್ನು ಕರೆದರೂ ಅನ್ನುತ್ತೇನೆ. ಮೊನ್ನೆ ಪಂಚಮಿಗೆ ಪೋತ್ನಾಳದಿಂದ ಮಗಳು ಬಂದಿದ್ದಳು. ಸಂಜೆ ಇಬ್ಬರೂ ಕಟ್ಟೆಯ ಮೇಲೆ ಕುಳಿತು ಉಂಡಿ ಕಟ್ಟುತ್ತಿದ್ದೆವು. ನಡುವೆ ನಾನು ಓ ಅಂದೆ. ಮಗಳು ಬಾಗಿಲ ಕಡೆ ನೋಡಿ, ಓಣಿಯ ಕಡೆ ನೋಡಿ, ಯಾರೂ ಕರೆಯಲಿಲ್ಲವಲ್ಲ ಅಂದಳು.

ಕರೆದಿದ್ದರು. ಅವಳಿಗೆ ಕೇಳಿಸಿಲ್ಲ, ಅಷ್ಟೇ.